ಆರೋಪಕ್ಕೆ ಮುಖಪುಟ, ಮುಕ್ತಾಯಕ್ಕೆ ಮೂಲೆ

ಅಡ್ಮಿರಲ್ ಸುಶೀಲ್ ಕುಮಾರ್ ಎಂಬ ಹೆಸರು ಕೇಳಿದೊಡನೆ ಬಹುಕಾಲ ನನಗೆ ನೆನಪಾಗುತ್ತಿದ್ದುದು ಒಂದೇ: ಬರಾಕ್ ಕ್ಷಿಪಣಿ ಹಗರಣ. ಅದು ಹೇಗೆ ಮುಗಿಯಿತೆಂದು ವಿಚಾರಿಸುವ ಗೋಜಿಗೆ ನಾನು ಹೋಗಿರಲಿಲ್ಲ. 2019ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಆ ಪ್ರಕರಣದ ಹಳೆಯ ವರದಿಗಳನ್ನು ತಿರುವಿ ಹಾಕಿದೆ. ನನ್ನ ಬಗ್ಗೆಯೇ ನಾಚಿಕೆಯೆನಿಸಿತು.

ನಾಗರಕೋಯಿಲ್‌ನಲ್ಲಿ 1940ರಲ್ಲಿ ಜನಿಸಿದ ಅವರು 1965 ಮತ್ತು 1971ರ ಯುದ್ಧಗಳನ್ನು ಕಂಡ ಅಧಿಕಾರಿ. ಸಮುದ್ರದ ಆಳವನ್ನಳೆದು ನಕ್ಷೆ ರೂಪಿಸುವ ಜಲಮಾಪನ ಅವರ ಪರಿಣತಿ. 1998ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ವಜಾ ಮಾಡಿತು. ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡಿನ ಹೊಣೆ ಹೊತ್ತಿದ್ದ ಸುಶೀಲ್ ಕುಮಾರ್, ಅಂತಹ ಕಹಿ ಗಳಿಗೆಯಲ್ಲಿ ನೌಕಾಪಡೆಯ ಮುಖ್ಯಸ್ಥರಾದರು. ಕೆಲವೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಎದುರಾಯಿತು.

ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರಿಬರುವ ಶತ್ರು ಕ್ಷಿಪಣಿಗಳನ್ನು ತಡೆಯಲು ನಮ್ಮ ಹಡಗುಗಳಿಗೆ ಕವಚ ಬೇಕಿತ್ತು. ಡಿಆರ್‌ಡಿಒ ರೂಪಿಸುತ್ತಿದ್ದ ‘ತ್ರಿಶೂಲ್’ ಕೈಗೆ ಬಂದಿರಲಿಲ್ಲ. ನೌಕಾಪಡೆ ಇಸ್ರೇಲಿನ ಬರಾಕ್ ಕೇಳಿತು. 2000ರ ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. 2001ರ ಮಾರ್ಚ್‌ನಲ್ಲಿ ‘ತೆಹೆಲ್ಕಾ’ದ ರಹಸ್ಯ ಕಾರ್ಯಾಚರಣೆ ಸ್ಫೋಟಗೊಂಡಾಗ ಈ ವ್ಯವಹಾರವೂ ಸಂಶಯಕ್ಕೆ ಒಳಗಾಯಿತು. 2006ರ ಅಕ್ಟೋಬರ್‌ನಲ್ಲಿ ಸಿಬಿಐ ಮೊಕದ್ದಮೆ ದಾಖಲಿಸಿತು. ಆರೋಪಿಗಳ ಪಟ್ಟಿಯಲ್ಲಿ ನಿವೃತ್ತ ಅಡ್ಮಿರಲ್ ಇದ್ದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಇದ್ದರು. ಡಿಆರ್‌ಡಿಒ ಆಕ್ಷೇಪವನ್ನು ಕಡೆಗಣಿಸಿ ಖರೀದಿಗೆ ಒತ್ತಾಸೆಯಾದರೆಂಬುದು ಆರೋಪದ ತಿರುಳು. ಅದನ್ನೋದಿದ ದಿನವೇ ನಾನು ಮನಸ್ಸಿನಲ್ಲಿ ತೀರ್ಪು ಬರೆದಿದ್ದೆ.

ಏಳು ವರ್ಷಗಳ ನಂತರ, 2013ರ ಡಿಸೆಂಬರ್‌ನಲ್ಲಿ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಸಿಬಿಐ ನ್ಯಾಯಾಲಯಕ್ಕೆ ಮುಕ್ತಾಯ ವರದಿ ಸಲ್ಲಿಸಿತು. ಆ ಹೊತ್ತಿಗೆ ಜಾರ್ಜ್ ಅಲ್ಜೈಮರ್ಸ್‌ನಿಂದ ನೆನಪನ್ನೇ ಕಳೆದುಕೊಂಡಿದ್ದರು. ತಮ್ಮ ಮೇಲಿನ ಆರೋಪ ನಿಲ್ಲಲಿಲ್ಲವೆಂಬುದನ್ನು ಗ್ರಹಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಇನ್ನು ತ್ರಿಶೂಲ್ ಯೋಜನೆಯನ್ನು ಸರ್ಕಾರವೇ 2008ರಲ್ಲಿ ಕೈಬಿಟ್ಟಿತ್ತು. ಐಎನ್ಎಸ್ ವಿರಾಟ್‌ನಂತಹ ಯುದ್ಧನೌಕೆಗಳಿಗೆ ಕಾವಲಾಗಿದ್ದುದು ಅದೇ ಬರಾಕ್. ಶಿಫಾರಸು ಮಾಡಿದಾತ ಆರೋಪಿ, ಶಿಫಾರಸಾದ ಅಸ್ತ್ರ ಮಾತ್ರ ಸೇವೆಯಲ್ಲಿ!

ಸೇನಾಧಿಕಾರಿಗಳನ್ನು ಪ್ರಶ್ನಿಸಬಾರದೆಂದು ನನ್ನ ವಾದವಲ್ಲ. ಸಮವಸ್ತ್ರವೇ ಸಚ್ಚಾರಿತ್ರ್ಯದ ಪ್ರಮಾಣಪತ್ರವಲ್ಲ. ರಕ್ಷಣಾ ಖರೀದಿಯಲ್ಲಿ ದಲ್ಲಾಳಿಗಳ ಹಾವಳಿ ಕಟ್ಟುಕಥೆಯೂ ಅಲ್ಲ. ಅದೇ ತೆಹೆಲ್ಕಾ ಕ್ಯಾಮೆರಾದೆದುರು ಒಂದು ಲಕ್ಷ ರೂಪಾಯಿ ಪಡೆದ ಬಂಗಾರು ಲಕ್ಷ್ಮಣ್ ಅವರಿಗೆ ವಿಚಾರಣಾ ನ್ಯಾಯಾಲಯ ಶಿಕ್ಷೆ ವಿಧಿಸಿತು. ಆದರೆ ಕಣ್ಣಿಗೆ ಕಟ್ಟಿದಂತಿದ್ದ ಆ ಪ್ರಕರಣಕ್ಕೂ ತೀರ್ಪು ಬಂದದ್ದು ಹನ್ನೊಂದು ವರ್ಷಗಳ ಬಳಿಕ, 2012ರಲ್ಲಿ. ವಿಳಂಬವು ತಪ್ಪಿತಸ್ಥನಿಗೆ ಆಸರೆ, ನಿರಪರಾಧಿಗೆ ಶಿಕ್ಷೆ. ಪ್ರಾಮಾಣಿಕ ಅಧಿಕಾರಿ ಇದರಿಂದ ಕಲಿಯುವ ಪಾಠವೆಂದರೆ, ಕಡತಕ್ಕೆ ಸಹಿ ಹಾಕದೆ ನಿವೃತ್ತಿಯವರೆಗೆ ಕಾಯುವುದು. ಅದರ ಬೆಲೆ ತೆರುವವನು ಹಡಗಿನ ಮೇಲಿನ ನಾವಿಕ.

ತನಿಖೆಗೆ ಕಾಲಮಿತಿ ಬೇಕು. ಅದು ಮೀರಿದರೆ ಕಾರಣವನ್ನು ನ್ಯಾಯಾಲಯದ ಮುಂದೆ ಹೇಳಲೇಬೇಕು. ಪತ್ರಿಕೆಗಳು ಆರೋಪಕ್ಕೆ ಕೊಟ್ಟಷ್ಟೇ ಜಾಗವನ್ನು ಅದರ ಮುಕ್ತಾಯಕ್ಕೂ ಕೊಡಬೇಕು. ಓದುಗರಾದ ನಮ್ಮ ಪಾಲೂ ಇದೆ. ಮೊಕದ್ದಮೆಯ ಸುದ್ದಿಯನ್ನು ನೆನಪಿಟ್ಟುಕೊಂಡಷ್ಟೇ ಶ್ರದ್ಧೆಯಿಂದ ಅದರ ಕೊನೆಯ ಪುಟವನ್ನೂ ನಾವು ಹುಡುಕಿ ಓದಬೇಕು. ಆ ಪುಟವನ್ನು ನಾನು ಓದಿದ್ದು ಆರು ವರ್ಷ ತಡವಾಗಿ, ಅಡ್ಮಿರಲ್ ಅಗಲಿದ ಮೇಲೆ.