ಸೋಸಿದ ನೀರು, ಸೋಸದ ಗಾಳಿ
ಕಾರಿನ ಒಳಗಾಳಿಯ ಶುದ್ಧಿಗೆ ಮನೆಯಲ್ಲೇ ಒಂದು ಕಾಯಕ

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಬಿಂದಿಗೆಗೆ ತುಂಬುವ ಪದ್ಧತಿ ನಮ್ಮ ಹಿರಿಯರ ಮನೆಗಳಲ್ಲಿತ್ತು. ಪೂಜೆಯ ಅಗ್ಘವಣಿಗೂ ಸೋಸಿದ ನೀರೇ ಆಗಬೇಕಿತ್ತು. ಮನುಷ್ಯನು ದಿನವೊಂದಕ್ಕೆ ಕುಡಿಯುವ ನೀರು ಎರಡು ಮೂರು ಲೀಟರುಗಳಷ್ಟು ಮಾತ್ರ; ಅವನು ಉಸಿರಾಡುವ ಗಾಳಿಯಾದರೋ 10,000 ಲೀಟರುಗಳಿಗೂ ಮಿಗಿಲು. ನೀರಿಗೆ ತೋರುವ ಎಚ್ಚರವನ್ನು ಗಾಳಿಗೂ ತೋರುತ್ತಿದ್ದೇವೆಯೇ ಎಂಬುದು ನಾವೆಲ್ಲರೂ ವಿಚಾರಿಸತಕ್ಕ ವಿಷಯವಾಗಿದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ನೆಲೆಸಿರುವ ಕುಟುಂಬಗಳಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ನಂತರ ಹೆಬ್ಬಾಳ, ಯಲಹಂಕಗಳ ಮೂಲಕ ಸಾಗುವ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಯಿತು. ಆರ್.ಟಿ. ನಗರದಿಂದ ಹೊರಟವರು ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ನಿಲ್ಲುವುದು ನಿತ್ಯದ ಅನುಭವ. ಸಿದ್ಧಗಂಗಾ ಕ್ಷೇತ್ರದ ದರ್ಶನಕ್ಕೆಂದು ಯಶವಂತಪುರದಿಂದ ತುಮಕೂರು ರಸ್ತೆಯನ್ನು ಹಿಡಿದವರಿಗೆ ಗೊರಗುಂಟೆಪಾಳ್ಯ, ಪೀಣ್ಯಗಳನ್ನು ದಾಟುವವರೆಗೂ ಲಾರಿಗಳ ಹೊಗೆಯೇ ಸಂಗಾತಿ. ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆಯ ಪರಾಗವೂ ಇದರೊಡನೆ ಸೇರುತ್ತದೆ. ಕಿಟಕಿಯ ಗಾಜು ಏರಿಸಿಕೊಂಡೊಡನೆ ಇದೆಲ್ಲವೂ ಹೊರಗುಳಿಯಿತೆಂದು ನಾವು ನೆಮ್ಮದಿಯಿಂದ ಕೂರುತ್ತೇವೆ. ಆ ನೆಮ್ಮದಿ ಎಷ್ಟು ನಿಜ?

ಮಕ್ಕಳ ಶ್ವಾಸದ ಪ್ರಶ್ನೆ

ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಮಕ್ಕಳ ಉಬ್ಬಸದ ಬಗ್ಗೆ ದೀರ್ಘಕಾಲ ಅಧ್ಯಯನ ನಡೆಸಿದವರು. 1979ರಲ್ಲಿ ಶೇಕಡಾ 9ರಷ್ಟು ಮಕ್ಕಳಲ್ಲಿ ಕಂಡುಬಂದಿದ್ದ ಉಬ್ಬಸವು 1999ರ ವೇಳೆಗೆ ಶೇಕಡಾ 29.5ಕ್ಕೆ ಏರಿತೆಂದು ಅವರ ಅಧ್ಯಯನ ತಿಳಿಸಿತು. ವಾಹನ ದಟ್ಟಣೆಯ ಪ್ರದೇಶದ ಶಾಲೆಗಳ ಮಕ್ಕಳಲ್ಲಿ ಈ ತೊಂದರೆ ಹೆಚ್ಚಾಗಿತ್ತು. ಮಗುವಿನ ಶ್ವಾಸಕೋಶ ಇನ್ನೂ ಬೆಳೆಯುತ್ತಿರುವುದರಿಂದ ಹೊಗೆಯ ಹಾನಿ ಅದಕ್ಕೆ ಹೆಚ್ಚು. ನಮ್ಮ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗದಷ್ಟೂ ಇಲ್ಲದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು.

ಮರೆಯಲ್ಲಿರುವ ಸೋಸುಪಟ್ಟಿ

ಇಂದಿನ ಹೆಚ್ಚಿನ ಕಾರುಗಳಲ್ಲಿ ಒಳಕ್ಕೆ ಬರುವ ಗಾಳಿಯನ್ನು ಸೋಸಲು ಮಡಿಕೆಮಡಿಕೆಯಾದ ಒಂದು ಪಟ್ಟಿ ಇರುತ್ತದೆ. ಇದೇ ಕ್ಯಾಬಿನ್ ಏರ್ ಫಿಲ್ಟರ್; ಮೆಕ್ಯಾನಿಕ್‌ಗಳು ಎ.ಸಿ. ಫಿಲ್ಟರ್ ಎನ್ನುವುದೂ ಉಂಟು. ಎಂಜಿನ್ನಿಗೆ ಹೋಗುವ ಗಾಳಿಯ ಫಿಲ್ಟರ್ ಬೇರೆ, ಇದು ಬೇರೆ. ಮುಂದಿನ ಗಾಜಿನ ಬುಡದ ಜಾಲರಿಯಿಂದ ಬರುವ ಧೂಳು, ಹೊಂಗೆಯ ಒಣಗಿದ ಎಲೆ, ಪರಾಗಗಳೆಲ್ಲವೂ ಇದರಲ್ಲಿ ಸಿಕ್ಕಿಕೊಳ್ಳುತ್ತವೆ. ನಿಲ್ಲಿಸಿದ ಕಾರಿನೊಳಗೆ ಇಲಿ ನುಗ್ಗಿ ಇದನ್ನು ಕಡಿದು ಹಾಕುವುದೂ ಅಪರೂಪವಲ್ಲ. ಪಟ್ಟಿ ತುಂಬಿಹೋದಾಗ ಗಾಳಿಯ ವೇಗ ತಗ್ಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಮಳೆಗಾಲದಲ್ಲಿ ಗಾಜಿನ ಮೇಲೆ ಕವಿದ ಮಂಜು ಬೇಗನೆ ಆರುವುದಿಲ್ಲ.

ಬದಲಿಸುವ ಕ್ರಮ

ಬಹಳಷ್ಟು ಕಾರುಗಳಲ್ಲಿ ಇದು ಮುಂದಿನ ಎಡ ಆಸನದ ಎದುರಿಗಿರುವ ಗ್ಲೋವ್ ಬಾಕ್ಸ್‌ನ ಹಿಂದೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಬೇರೆಡೆ ಇರಬಹುದು, ಕೆಲವದರಲ್ಲಿ ಇಲ್ಲದೆಯೂ ಇರಬಹುದು. ಆದುದರಿಂದ ಮೊದಲು ಕಾರಿನೊಡನೆ ಬಂದ ಕೈಪಿಡಿಯನ್ನು ನೋಡಿ, ಅದೇ ಮಾದರಿಗೆ ಒಪ್ಪುವ ಫಿಲ್ಟರನ್ನು ತರಬೇಕು.

ಕಾರನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಹಾಗೂ ಫ್ಯಾನ್ ಆರಿಸಿರಿ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿರಿ. ಗ್ಲೋವ್ ಬಾಕ್ಸ್‌ನಲ್ಲಿರುವ ವಿಭೂತಿ, ವಿಮೆಯ ಕಾಗದ ಮುಂತಾದುವನ್ನು ತೆಗೆದಿರಿಸಿ, ಅದರ ಎರಡೂ ಪಕ್ಕದ ತಡೆಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಬಿಡಿಸಿದರೆ ಅದು ಕೆಳಕ್ಕೆ ಬಾಗುತ್ತದೆ. ಹಿಂದೆ ಕಾಣುವ ಉದ್ದನೆಯ ಮುಚ್ಚಳವನ್ನು ಅದರ ಕೊಂಡಿ ಒತ್ತಿ ತೆಗೆಯಬೇಕು. ಬಲ ಪ್ರಯೋಗಿಸಿದರೆ ಪ್ಲಾಸ್ಟಿಕ್ ಮುರಿದೀತು. ಹಳೆಯ ಪಟ್ಟಿಯನ್ನು ಎಳೆಯುವ ಮುನ್ನ ಅದರ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ಎಂದು ನೋಡಿಕೊಳ್ಳುವುದು ಅತ್ಯವಶ್ಯ. ಬಾಣವು ಗಾಳಿ ಸಾಗುವ ದಿಕ್ಕನ್ನು ಸೂಚಿಸುತ್ತದೆ. ಹೊಸದನ್ನೂ ಕೈಪಿಡಿ ತೋರಿದ ದಿಕ್ಕಿನಲ್ಲಿಯೇ ಕೂರಿಸಬೇಕು. ಗೂಡಿನಲ್ಲಿ ಉಳಿದ ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪಟ್ಟಿಯನ್ನು ಮಡಿಸದೆ ಒಳಕ್ಕೆ ಸರಿಸಿ, ಮುಚ್ಚಳ ಹಾಕಿದರೆ ಕೆಲಸ ಮುಗಿಯಿತು. ಮೊದಲ ಸಲ ಅರ್ಧ ಗಂಟೆ ಹಿಡಿದರೂ ಎರಡನೆಯ ಸಲ ಹತ್ತು ನಿಮಿಷ ಸಾಕು.

ಕಾಗದದಂಥ ಈ ಪಟ್ಟಿಯನ್ನು ನೀರಿನಲ್ಲಿ ತೊಳೆಯುವುದಾಗಲಿ, ಜೋರಾಗಿ ಗಾಳಿ ಹೊಡೆಯುವುದಾಗಲಿ ಸಲ್ಲದು. ಅದರ ಎಳೆಗಳು ಕೆಟ್ಟು ಸೋಸುವ ಗುಣವೇ ಕುಂದುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಧೂಳಿನ ರಸ್ತೆಗಳಲ್ಲಿ ಓಡಾಡುವವರು ಆರು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ತೆಗೆದ ಪಟ್ಟಿಯನ್ನು ಚೀಲದಲ್ಲಿ ಕಟ್ಟಿ ಕಸದವರಿಗೆ ಕೊಡಬೇಕು. ಅದರ ಧೂಳು ಅವರ ಉಸಿರಿಗೆ ಸೇರಬಾರದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದ್ದಿಲು ಬೆರೆಸಿದ ದುಬಾರಿ ಫಿಲ್ಟರೂ ಅದನ್ನು ತಡೆಯಲಾರದು. ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿದ ಕಾರಿನಲ್ಲಿ ಮಕ್ಕಳನ್ನಾಗಲಿ ವೃದ್ಧರನ್ನಾಗಲಿ ಮಲಗಿಸುವುದು ಪ್ರಾಣಕ್ಕೇ ಅಪಾಯ.

ಗಾಜಿನ ಹೊರಗಿರುವವರು

ಕೈಕೆಲಸವನ್ನು ಕೀಳೆಂದು ಎಣಿಸುವ ಪದ್ಧತಿ ಶರಣರದಲ್ಲ. ಬಟ್ಟೆ ಒಗೆದ ಮಡಿವಾಳ ಮಾಚಿದೇವರೂ, ಹಗ್ಗ ಹೊಸೆದ ನುಲಿಯ ಚಂದಯ್ಯನವರೂ ನಮಗೆ ಪೂಜ್ಯರು. ತಂದೆತಾಯಿಗಳು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಮಾಡಿದರೆ, ಕೂಲಿಯ ಹಣ ಉಳಿಯುವುದಕ್ಕಿಂತ ಮಿಗಿಲಾದ ಪಾಠ ಮನೆಯಲ್ಲಿ ಉಳಿಯುತ್ತದೆ.

ಆ ಕಪ್ಪಾದ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ ಇನ್ನೊಂದು ಮಾತನ್ನೂ ಹೇಳೋಣ. ನಮ್ಮ ಫಿಲ್ಟರ್ ತಡೆದ ಈ ಮಸಿ, ಹೆಬ್ಬಾಳದ ವೃತ್ತದಲ್ಲಿ ನಿಂತ ಸಂಚಾರ ಪೊಲೀಸರ, ಸ್ಕೂಟರ್ ಸವಾರರ, ರಸ್ತೆಬದಿಯಲ್ಲಿ ಹೂ ಮಾರುವ ತಾಯಂದಿರ ಎದೆಯೊಳಕ್ಕೆ ನೇರವಾಗಿ ಇಳಿಯುತ್ತಿದೆ. ಅದರಲ್ಲಿ ನಮ್ಮ ವಾಹನದ ಪಾಲೂ ಉಂಟು. ಮಠದ ಕಾರ್ಯಕ್ರಮಕ್ಕೆ ನಾಲ್ಕು ಮನೆಯವರು ನಾಲ್ಕು ಕಾರುಗಳಲ್ಲಿ ಹೋಗುವ ಬದಲು ಒಂದರಲ್ಲಿ ಕೂಡಿ ಹೋಗುವುದು, ಸಿಗ್ನಲ್‌ನಲ್ಲಿ ಎಂಜಿನ್ ಆರಿಸುವುದು, ಹೊಗೆ ತಪಾಸಣೆಯನ್ನು ಪ್ರಾಮಾಣಿಕವಾಗಿ ಮಾಡಿಸುವುದು ನಮ್ಮ ಕೈಯಲ್ಲಿಯೇ ಇವೆ. ನಮ್ಮ ಮನೆಯವರ ಉಸಿರನ್ನು ಕಾಯುವುದು ಕರ್ತವ್ಯ. ಹೊರಗೆ ನಿಂತವರ ಉಸಿರನ್ನು ಕೆಡಿಸದಿರುವುದು ಸಮಾಜಕ್ಕೆ ನಾವು ಸಲ್ಲಿಸುವ ದಾಸೋಹ. ಸದ್ಭಕ್ತ ಬಂಧುಗಳು ಈ ಎರಡನ್ನೂ ಒಟ್ಟಿಗೆ ಕೈಗೊಳ್ಳಲೆಂದು ಆಶಿಸುತ್ತೇವೆ.