ಹೊರಗೆ ಹೋಂಸ್ಟೇ ಬೋರ್ಡು, ಒಳಗೆ ಸೋರುವ ಮಾಡು: ಗಡಿಯಾಚೆ ಕೆಟ್ಟ ಕೋಣೆ ಸಿಕ್ಕಿದರೆ ಏನು ಮಾಡಬೇಕು?

ರಜೆ ಬಂತೆಂದರೆ ಗಡಿನಾಡಿನವರಿಗೆ ಪ್ರವಾಸವೆಂದರೆ ಪಕ್ಕದ ರಾಜ್ಯವೇ. ಕಾಸರಗೋಡಿನವರು ಮಡಿಕೇರಿಗೆ ಹೊರಡುತ್ತಾರೆ, ತಾಳವಾಡಿಯವರು ವಯನಾಡಿಗೆ, ಸೊಲ್ಲಾಪುರದವರು ಗೋವಾಕ್ಕೆ. ಹೋಟೆಲಿಗಿಂತ ಅಗ್ಗ, ಬೆಳಗಿನ ತಿಂಡಿಯೂ ಸೇರಿರುತ್ತದೆ ಎಂದು ಈಗ ಬಹಳ ಮಂದಿ ಹೋಂಸ್ಟೇ ಅಥವಾ 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಮನೆಗಳನ್ನೇ ಹುಡುಕುತ್ತಾರೆ. ಮೊಬೈಲಿನಲ್ಲಿ ನೋಡಿದ ಚಿತ್ರದಲ್ಲಿ ಹೂದೋಟ, ಬಿಳಿ ಹಾಸಿಗೆ, ಕಿಟಕಿಯಾಚೆ ಬೆಟ್ಟ. ಹೋಗಿ ನೋಡಿದರೆ ಗೋಡೆಗೆ ಬೂಷ್ಟು, ಬಚ್ಚಲಿನಲ್ಲಿ ಬಿಸಿನೀರಿಲ್ಲ, ಹಾಸಿಗೆಯಲ್ಲಿ ತಿಗಣೆ, ತಿಂಡಿಯೆಂದರೆ ಎರಡು ತುಂಡು ಬ್ರೆಡ್ಡು.

ಇಂಥ ಹೊತ್ತಿನಲ್ಲಿ ನಮ್ಮವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಹೋಗಲಿ ಬಿಡಿ, ಬೇರೆ ರಾಜ್ಯ, ಬೇರೆ ಭಾಷೆ, ಇಲ್ಲಿ ಯಾರ ಹತ್ತಿರ ಜಗಳ ಆಡುವುದು?" ದುಡ್ಡು ಕೊಟ್ಟು, ಬೈದುಕೊಂಡು ಊರಿಗೆ ಬರುತ್ತೇವೆ. ಆದರೆ ದೂರು ಕೊಡಲು ಆ ರಾಜ್ಯಕ್ಕೆ ಮತ್ತೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲೇ ಕೊಡಬಹುದು. ಇದು ಹಲವರಿಗೆ ಗೊತ್ತಿಲ್ಲ.

ಬೋರ್ಡಿನ ಅರ್ಥವೇನು?

ಮೊದಲು ಈ ಮನೆಗಳ ವಿಚಾರ ತಿಳಿದುಕೊಳ್ಳೋಣ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಹಾಗೂ ಹೋಂಸ್ಟೇ ಯೋಜನೆಯಲ್ಲಿ 'ಗೋಲ್ಡ್' ಮತ್ತು 'ಸಿಲ್ವರ್' ಎಂಬ ಎರಡು ದರ್ಜೆಗಳಿವೆ. ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು, ಹಾಸಿಗೆಗಳು ಹನ್ನೆರಡನ್ನು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಕೇರಳ ಪ್ರವಾಸೋದ್ಯಮ ಇಲಾಖೆಯೂ ತನ್ನದೇ ಆದ ಡೈಮಂಡ್, ಗೋಲ್ಡ್, ಸಿಲ್ವರ್ ದರ್ಜೆಗಳನ್ನು ಕೊಡುತ್ತದೆ.

ಮಾಲೀಕರು ಅಲ್ಲೇ ಇರಬೇಕು ಎಂಬ ನಿಯಮಕ್ಕೆ ಕಾರಣವಿದೆ. ಸೋರುವ ಮಾಡು ಮನೆಯವರ ತಲೆಯ ಮೇಲೂ ಸೋರಿದರೆ ಬೇಗ ರಿಪೇರಿ ಆಗುತ್ತದೆ. ಮಾಲೀಕರು ಎಲ್ಲೋ ನಗರದಲ್ಲಿದ್ದು, ಮನೆಯನ್ನು ಲೀಸಿಗೆ ಕೊಟ್ಟು, ಕೀಲಿಕೈ ಒಬ್ಬ ಹುಡುಗನ ಕೈಯಲ್ಲಿದ್ದರೆ ಅದು ಹೆಸರಿಗೆ ಮಾತ್ರ ಹೋಂಸ್ಟೇ. ಘಟ್ಟದ ಕಡೆ ಮಳೆಗಾಲವಿಡೀ ಬಾಗಿಲು ಹಾಕಿದ ಕೋಣೆ ರಜೆಯಲ್ಲಿ ತೆರೆದರೆ ಬೂಷ್ಟಿನ ವಾಸನೆ ಬರದೆ ಇರುತ್ತದೆಯೇ? ಆದ್ದರಿಂದ ಫೋನಿನಲ್ಲಿ ಮಾತಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟೆಂದಲ್ಲ, "ನೀವು ಅದೇ ಮನೆಯಲ್ಲಿ ಇರುತ್ತೀರಾ?" ಎಂದು. ಎರಡನೆಯದು, ದರ್ಜೆಯ ಪ್ರಮಾಣಪತ್ರ ಇದೆಯೇ, ಅದರ ಅವಧಿ ಮುಗಿದಿದೆಯೇ ಎಂದು.

ಮೊದಲ ಅರ್ಧ ಗಂಟೆ

ಕೋಣೆಗೆ ಕಾಲಿಟ್ಟ ಕೂಡಲೇ ಚೀಲ ಬಿಚ್ಚಬೇಡಿ. ಹಾಸಿಗೆಯ ಅಂಚಿನ ಹೊಲಿಗೆಯನ್ನು ಎತ್ತಿ ನೋಡಿ, ಚಿಕ್ಕ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಎಂದೇ ತಿಳಿಯಿರಿ. ಸೂರಿನಲ್ಲಿ ಕಂದು ಬಣ್ಣದ ಉಂಗುರದಂಥ ಕಲೆ ಇದ್ದರೆ ಅಲ್ಲಿ ನೀರು ಸೋರಿದೆ. ನಲ್ಲಿ ತಿರುಗಿಸಿ, ಬಿಸಿನೀರು ಬರುತ್ತದೆಯೇ ನೋಡಿ. ಬಾಗಿಲಿನ ಚಿಲಕ ಒಳಗಿನಿಂದ ಬೀಳುತ್ತದೆಯೇ ನೋಡಿ. ಕುಡಿಯುವ ನೀರು ಕುದಿಸಿದ್ದೇ ಎಂದು ಕೇಳಿ, ಏಕೆಂದರೆ ಕಾಮಾಲೆ ಹರಡುವುದು ಹೆಚ್ಚಾಗಿ ಕೊಳಕು ನೀರಿನಿಂದಲೇ.

ಇವೆಲ್ಲ ಬೇಸರದ ವಿಷಯಗಳಾದರೆ ಪ್ರಾಣಕ್ಕೇ ಕುತ್ತು ತರುವ ಸಂಗತಿ ಇನ್ನೊಂದಿದೆ. ಊಟಿಯಂಥ ಚಳಿ ಊರಿನಲ್ಲಿ ಕೋಣೆ ಬೆಚ್ಚಗಾಗಲೆಂದು ಇದ್ದಿಲ ಒಲೆ ತಂದಿಡುವುದುಂಟು. ಕೆಲವು ಕಡೆ ಗಾಳಿಯಾಡದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂರಿಸಿರುತ್ತಾರೆ. ಎರಡರಿಂದಲೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿಯಿಂದ ಶುರುವಾಗಿ ಪ್ರಜ್ಞೆ ತಪ್ಪುತ್ತದೆ. ಮಲಗಿದವರು ಏಳದೇ ಹೋಗಬಹುದು. ಇಂಥ ಕೋಣೆಯಾದರೆ ಮುಂಗಡ ಹೋದರೂ ಸರಿ, ಅಲ್ಲಿ ಮಲಗಬೇಡಿ.

ಸಾಕ್ಷಿ ಇಟ್ಟುಕೊಳ್ಳಿ

ಬಾಯಿಮಾತಿನ ದೂರು ನಿಲ್ಲುವುದಿಲ್ಲ. ಬುಕ್ ಮಾಡುವಾಗಲೇ ಜಾಹೀರಾತಿನ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಕೊಳಕು ಕೋಣೆಯ ಫೋಟೋ ತೆಗೆಯಿರಿ. ಮಾಲೀಕರಿಗೆ ತಕರಾರನ್ನು ಎದುರಿಗೆ ಹೇಳಿದ ಮೇಲೂ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕಳಿಸಿ, ಆಗ ದಿನಾಂಕ, ಸಮಯ ತಾನಾಗಿಯೇ ದಾಖಲಾಗುತ್ತದೆ. ಬೇರೆ ಕೋಣೆ ಕೊಡುವ, ರಿಪೇರಿ ಮಾಡುವ ಅವಕಾಶವನ್ನು ಅವರಿಗೂ ಕೊಡಿ. ಹಣ ಕಳಿಸಿದ ರಸೀದಿ ಅಳಿಸಬೇಡಿ.

ಬಿಲ್ ಕೇಳಿ ಪಡೆಯಿರಿ. ಕೊಟ್ಟ ಸೇವೆಗೆ ಬಿಲ್ ಕೊಡದೆ ಇರುವುದೂ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಅವರ ಜಿಎಸ್‌ಟಿ ನೋಂದಣಿ ಸಂಖ್ಯೆ ಅದರಲ್ಲಿ ಇರಲೇಬೇಕು. ನೋಂದಣಿ ಇಲ್ಲದವರು ಆ ತೆರಿಗೆ ವಸೂಲು ಮಾಡುವಂತಿಲ್ಲ.

ದೂರು ಎಲ್ಲಿ ಕೊಡಬೇಕು?

ಆ್ಯಪಿನ ಮೂಲಕ ಬುಕ್ ಮಾಡಿದ್ದರೆ ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದರಿಂದ ಆಗದಿದ್ದರೆ, ಅಥವಾ ಮಾಲೀಕರ ಜೊತೆ ನೇರವಾಗಿ ಬುಕ್ ಮಾಡಿದ್ದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿ ಸೇರಿ 17 ಭಾಷೆಗಳಲ್ಲಿ ಅಲ್ಲಿ ಮಾತಾಡಬಹುದು. ಸಹಾಯವಾಣಿಗೆ ದಂಡ ಹಾಕುವ ಅಧಿಕಾರವಿಲ್ಲ, ಆದರೆ ಎದುರು ಪಕ್ಷಕ್ಕೆ ದೂರು ಮುಟ್ಟಿಸಿ ರಾಜಿಗೆ ಯತ್ನಿಸುತ್ತದೆ. ಸಣ್ಣ ಮೊತ್ತಕ್ಕೆ ಇದೇ ಒಳ್ಳೆಯ ದಾರಿ.

ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷ ಇರುವ ಜಿಲ್ಲೆಯಲ್ಲಿ, ಇಲ್ಲವೇ ವ್ಯವಹಾರ ನಡೆದ ಜಿಲ್ಲೆಯಲ್ಲಿ ದೂರು ಕೊಡಬೇಕಾಗಿತ್ತು. ವಯನಾಡಿನಲ್ಲಿ ಮೋಸಹೋದ ತಾಳವಾಡಿಯವರು ಕಲ್ಪೆಟ್ಟಕ್ಕೆ ಅಲೆಯಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ ಇದನ್ನು ಬದಲಾಯಿಸಿತು. ಅದರ 34ನೇ ಕಲಮಿನ ಪ್ರಕಾರ ದೂರುದಾರರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ತಾಳವಾಡಿಯವರಿಗೆ ಈರೋಡು, ಅಕ್ಕಲಕೋಟದವರಿಗೆ ಸೊಲ್ಲಾಪುರ, ಮಂಜೇಶ್ವರದವರಿಗೆ ಕಾಸರಗೋಡು ಸಾಕು.

ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಬೇಕು. 2025ರ ಜನವರಿಯಲ್ಲಿ ಶುರುವಾದ 'ಇ-ಜಾಗೃತಿ' ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅರ್ಜಿ ಕೊಟ್ಟು ಕೇಳಿದರೆ ವಿಡಿಯೋ ಮೂಲಕ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶವಿದೆ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ನಿಜದಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಬೇಕು.

ಮನೆ ನಡೆಸುವವರಿಗೂ ಒಂದು ಮಾತು

ನಮ್ಮ ಗಡಿ ಊರುಗಳಲ್ಲೂ ಹೋಂಸ್ಟೇ ನಡೆಸುವವರಿದ್ದಾರೆ. ಈ ಕಾನೂನು ಅವರ ಕಡೆಗೂ ತಿರುಗುತ್ತದೆ. ದೂರದ ಊರಿನ ಅತಿಥಿ ತನ್ನೂರಿನಲ್ಲಿ ಕುಳಿತೇ ನೋಟಿಸು ಕಳಿಸಬಹುದು. ಹಳೆಯ ಮನೆ ಇದ್ದರೆ ತಪ್ಪೇನೂ ಇಲ್ಲ. ಬಿಸಿನೀರು ಬೆಳಗ್ಗೆ ಮಾತ್ರ ಇದ್ದರೆ ಬೆಳಗ್ಗೆ ಮಾತ್ರ ಎಂದೇ ಬರೆಯಿರಿ, ಹತ್ತು ವರ್ಷದ ಹಿಂದಿನ ಫೋಟೋ ತೆಗೆದು ಇಂದಿನದು ಹಾಕಿ. ಇರುವುದನ್ನು ಇದ್ದಂತೆ ತಿಳಿದು ಬಂದ ಅತಿಥಿ ಸಣ್ಣಪುಟ್ಟ ಕೊರತೆಗೆ ಮುನಿಸಿಕೊಳ್ಳುವುದಿಲ್ಲ, ಮುಂದಿನ ರಜೆಗೂ ಬರುತ್ತಾನೆ.