ಕತ್ತಲ ಕೋಣೆಯಲ್ಲಿ ಕೈಗಡಿಯಾರ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂದರೆ ನಮ್ಮಲ್ಲಿ ಹಲವರಿಗೆ ಗ್ರೀನ್ ಕಮ್ಯೂನಿಟಿಯ ಮರಗಳು, ಸಂಜೆಯ ವಾಕಿಂಗ್, ಅಷ್ಟೇ. ಆದರೆ 1997ರಲ್ಲಿ ಆರಂಭವಾಗಿ ಸುಮಾರು 2,300 ಹೆಕ್ಟೇರ್‌ಗೆ ಹಬ್ಬಿರುವ ಈ ಪ್ರದೇಶದ ದೊಡ್ಡ ಭಾಗ ಕಾರ್ಖಾನೆ, ಗೋದಾಮು, ವರ್ಕ್‌ಶಾಪುಗಳದ್ದು. ಅಲ್ಲಿನ ಕೆಲವು ಶೆಡ್ಡುಗಳೊಳಗೆ ಇಂದಿಗೂ ಕತ್ತಲ ಕೋಣೆಗಳಿವೆ ಎಂಬುದು ಕಳೆದ ಚಳಿಗಾಲದವರೆಗೆ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುವ ಕೋಣೆಗಳಿಗೆ ಬೀಗ ಬಿದ್ದು ವರ್ಷಗಳಾದವು. ಅದರ ಕಾಲ ಮುಗಿಯಿತು ಎಂದೇ ತಿಳಿದಿದ್ದೆ.

ಆ ಭ್ರಮೆ ಬಿಡಿಸಿದವನು ಪುತ್ತೂರು ಕಡೆಯ ಒಬ್ಬ ಯುವಕ. ವಾಕಿಂಗ್‌ನಲ್ಲಿ ಪರಿಚಯವಾದವನು. ಪೈಪುಗಳ ಬೆಸುಗೆಯನ್ನು ರೇಡಿಯೋಗ್ರಫಿಯಿಂದ ಪರೀಕ್ಷಿಸುವ ಒಂದು ಕಂಪನಿಯಲ್ಲಿ ಕೆಲಸ. ಒಂದು ಸಂಜೆ ಚೀಲದಿಂದ ನಾಲ್ಕೈದು ಉದ್ದನೆಯ ಫಿಲ್ಮ್ ಪಟ್ಟಿಗಳನ್ನು ತೆಗೆದು ನನ್ನ ಕೈಗಿಟ್ಟ. "ಡಾಕ್ಟ್ರೇ, ನೀವು ಎಕ್ಸ್‌ರೇ ನೋಡಿ ನೋಡಿ ಪಳಗಿದವರು. ನಮ್ಮ ಫಿಲ್ಮ್ ಯಾಕೆ ಹೀಗೆ ಮಬ್ಬಾಗ್ತದೆ, ನೀವೇ ಹೇಳಿ ಮಾರಾಯ್ರೆ" ಎಂದ.

ಬೀದಿದೀಪಕ್ಕೆ ಹಿಡಿದು ನೋಡಿದೆ. ಬೆಸುಗೆಯ ಗೆರೆ ಸ್ಪಷ್ಟವಾಗಿತ್ತು. ಆದರೆ ಪಟ್ಟಿಯ ಒಂದು ತುದಿಯಲ್ಲಿ ತೆಳು ಮೋಡದಂಥ ಕಪ್ಪು. ಇನ್ನೊಂದು ಪಟ್ಟಿಯಲ್ಲಿಯೂ ಅದೇ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ.

ಇದೇನು ದೊಡ್ಡ ಸಂಗತಿ ಎನ್ನಿಸಬಹುದು. ಆ ಕೆಲಸದ ರೀತಿ ತಿಳಿದರೆ ಹಾಗೆನ್ನಿಸುವುದಿಲ್ಲ. ಕಾರ್ಖಾನೆಯ ರೇಡಿಯೋಗ್ರಫಿಯಲ್ಲಿ ಅನೇಕ ಕಡೆ ಎಕ್ಸ್‌ರೇ ಯಂತ್ರದ ಬದಲು ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಪುಟ್ಟ ಗುಳಿಗೆಯನ್ನು ಬಳಸುತ್ತಾರೆ. ಅದರ ಅರ್ಧಾಯುಷ್ಯ 74 ದಿನ. ಭಾರವಾದ ಕವಚದೊಳಗಿರುವ ಗುಳಿಗೆಯನ್ನು ದೂರದಲ್ಲಿ ನಿಂತು ಕೇಬಲ್ ತಿರುಗಿಸಿ ಹೊರಗೆ ತಳ್ಳುತ್ತಾರೆ, ಸಮಯ ಮುಗಿದ ಮೇಲೆ ಒಳಗೆ ಎಳೆದುಕೊಳ್ಳುತ್ತಾರೆ. ಉಳಿದವರೆಲ್ಲ ಮನೆಗೆ ಹೋದ ಮೇಲೆ, ರಾತ್ರಿ, ಹಗ್ಗ ಕಟ್ಟಿ ದಾರಿ ಮುಚ್ಚಿ ಮಾಡುವ ಕೆಲಸ ಇದು. ಒಂದು ಫಿಲ್ಮ್ ಕೆಟ್ಟರೆ ಆ ಗುಳಿಗೆ ಮತ್ತೊಮ್ಮೆ ಹೊರಗೆ ಬರಬೇಕು. ಯಾರೂ ಗಮನಿಸದೆ ಮಬ್ಬು ಫಿಲ್ಮನ್ನೇ ಪಾಸು ಮಾಡಿದರೆ ಅದು ಇನ್ನೂ ಕೆಟ್ಟದ್ದು. ಬೆಸುಗೆಯೊಳಗಿನ ಬಿರುಕು ಫಿಲ್ಮಿನಲ್ಲಿ ಸುತ್ತಲಿಗಿಂತ ತುಸು ಕಪ್ಪಾದ ಕೂದಲೆಳೆಯಾಗಿ ಕಾಣುತ್ತದೆ. ಸುತ್ತಲೂ ಮಬ್ಬು ಕವಿದರೆ ಆ ಎಳೆ ಅದರಲ್ಲಿ ಕರಗುತ್ತದೆ. ಅದಕ್ಕೆಂದೇ ವಿಕಿರಣಕ್ಕೆ ಒಡ್ಡದ ಫಿಲ್ಮನ್ನು ತೊಳೆದು ನೋಡಿದಾಗ ಅದರ ಮಬ್ಬಿನ ಸಾಂದ್ರತೆ 0.3 ಮೀರಕೂಡದು ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ಮಬ್ಬಿಗೆ ಕಾರಣಗಳು ಜ್ವರಕ್ಕೆ ಇರುವಷ್ಟೇ ಇವೆ. ಹಳೆಯ ಫಿಲ್ಮ್, ಗಲ್ಫಿನ ಬೇಸಿಗೆಯಲ್ಲಿ ಬಿಸಿಯಾದ ದಾಸ್ತಾನು, ಬೆಚ್ಚಗಾದ ಡೆವಲಪರ್, ಬಾಗಿಲ ಸಂದಿನ ಬೆಳಕು, ಹತ್ತಿರವೇ ಇಟ್ಟ ವಿಕಿರಣದ ಗುಳಿಗೆ. ಹುಡುಗ ಇವನ್ನೆಲ್ಲ ನೋಡಿಯಾಗಿತ್ತು. ಡೆವಲಪರ್ ಎರಡು ಸಲ ಬದಲಿಸಿದ್ದ, ಬಾಗಿಲಿಗೆ ಕಪ್ಪು ರಬ್ಬರ್ ಪಟ್ಟಿ ಅಂಟಿಸಿದ್ದ. ನನಗೆ ಹೊಳೆದದ್ದು ಇಷ್ಟೇ: ಶಾಖವಾಗಲಿ ರಾಸಾಯನಿಕವಾಗಲಿ ಕಾರಣವಾಗಿದ್ದರೆ ಮಬ್ಬು ಇಡೀ ಫಿಲ್ಮಿಗೆ ಸಮನಾಗಿ ಹರಡಬೇಕಿತ್ತು. ಇಲ್ಲಿ ಒಂದೇ ತುದಿಯಲ್ಲಿದೆ. ದದ್ದು ಮೈತುಂಬ ಎದ್ದರೆ ಒಳಗಿನ ಕಾರಣ ಹುಡುಕುತ್ತೇವೆ, ಮಣಿಕಟ್ಟಿನ ಸುತ್ತ ಮಾತ್ರ ಎದ್ದರೆ ವಾಚಿನ ಪಟ್ಟಿಯನ್ನು ನೋಡುತ್ತೇವೆ. "ಈ ತುದಿಯನ್ನು ಯಾವ ಕೈಯಲ್ಲಿ ಹಿಡೀತೀಯಪ್ಪ?" ಎಂದು ಕೇಳಿದೆ. ಅವನು ಎಡಗೈ ಎತ್ತಿದ. ಎತ್ತಿದ ತಕ್ಷಣ ಮಣಿಕಟ್ಟಿನಲ್ಲಿ ಸ್ಮಾರ್ಟ್‌ವಾಚಿನ ಮುಖ ಝಗ್ಗನೆ ಬೆಳಗಿತು. ಇಬ್ಬರೂ ಅದನ್ನೇ ನೋಡಿದೆವು.

ಇಲ್ಲಿ ನನ್ನ ಹಳೆಯ ನೆನಪೊಂದನ್ನು ಹೇಳಬೇಕು. ಮಂಗಳೂರಿನಲ್ಲಿ ಎಂಬಿಬಿಎಸ್ ಓದುವಾಗ ರೇಡಿಯಾಲಜಿ ವಿಭಾಗದ ಡಾರ್ಕ್‌ರೂಮಿಗೆ ಹೋದರೆ ಅಲ್ಲಿನ ಅಟೆಂಡರು ಬಾಗಿಲಲ್ಲೇ ತಡೆಯುತ್ತಿದ್ದರು: "ವಾಚು ಬಿಚ್ಚಿಟ್ಟು ಬನ್ನಿ ಡಾಕ್ಟ್ರೇ." ನನ್ನದು ಬೆಂಗಳೂರಿನ ಎಚ್‌ಎಂಟಿ ಪೈಲಟ್, ಕತ್ತಲಲ್ಲಿ ಮುಳ್ಳು ಹೊಳೆಯುವ ವಾಚು. ಅಷ್ಟು ಮಂದ ಬೆಳಕಿಗೆ ಏನಾದೀತು ಎಂದು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. ಕಾರಣ ವಿವರಿಸುವಷ್ಟು ಓದು ಅವರಿಗಿರಲಿಲ್ಲ, ಫಿಲ್ಮು ಅವರಿಗೆ ಗೊತ್ತಿತ್ತು.

ಕಾರಣ ಇದು. ಫಿಲ್ಮಿನ ಮೇಲ್ಪದರದಲ್ಲಿ ಸಿಲ್ವರ್ ಬ್ರೋಮೈಡ್‌ನ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕಿನ ಕೆಲವೇ ಕಣಗಳು ಬಡಿದು ಹರಳೊಂದರಲ್ಲಿ ನಾಲ್ಕೈದು ಬೆಳ್ಳಿಯ ಪರಮಾಣುಗಳು ಒಟ್ಟುಗೂಡಿದರೆ ಸಾಕು, ಡೆವಲಪರ್ ಆ ಇಡೀ ಹರಳನ್ನು ಕಪ್ಪಾಗಿಸುತ್ತದೆ. ಜೊತೆಗೆ, ಫಿಲ್ಮ್ ಬೆಳಕನ್ನು ಕೂಡಿಸುತ್ತ ಹೋಗುತ್ತದೆ. ನಮ್ಮ ಕಣ್ಣು ಕ್ಷಣಾರ್ಧದ ಲೆಕ್ಕ ಮಾತ್ರ ಇಟ್ಟು ಹಿಂದಿನದನ್ನು ಮರೆಯುತ್ತದೆ, ಫಿಲ್ಮ್ ಮರೆಯುವುದಿಲ್ಲ. ಐದು ನಿಮಿಷದಲ್ಲಿ ಹತ್ತು ಸಲ ಬೆಳಗಿದ ವಾಚಿನ ಹತ್ತೂ ಬೆಳಕು ಅದರ ಖಾತೆಗೆ ಜಮೆಯಾಗುತ್ತದೆ. ಬೆಕರೆಲ್ 1896ರಲ್ಲಿ ವಿಕಿರಣಶೀಲತೆಯನ್ನು ಕಂಡದ್ದೂ ಈ ಗುಣದಿಂದಲೇ: ಡ್ರಾಯರಿನಲ್ಲಿ ಯುರೇನಿಯಂ ಲವಣದ ಜೊತೆ ಸುಮ್ಮನಿದ್ದ ಫೋಟೋ ಪ್ಲೇಟು ಕಪ್ಪಾಗಿತ್ತು.

ಹಾಗಾದರೆ ಡಾರ್ಕ್‌ರೂಮಿನ ಕೆಂಪು ದೀಪ? ಅದು ನಮಗೆ ಬೆಳಕು, ಆ ಫಿಲ್ಮಿಗೆ ಕತ್ತಲೆ. ಸಿಲ್ವರ್ ಬ್ರೋಮೈಡ್‌ಗೆ ಸಹಜವಾಗಿ ಕಾಣುವುದು ನೀಲಿ ಮತ್ತು ನೇರಳೆ. ಬಣ್ಣದ ದ್ರವ್ಯ ಬೆರೆಸಿ ಅದಕ್ಕೆ ಹಸಿರನ್ನೂ ಕಾಣಿಸಬಹುದು. ಆಸ್ಪತ್ರೆಗಳಲ್ಲಿ ಹಿಂದೆ ನೀಲಿ ಬೆಳಕು ಸೂಸುವ ಕ್ಯಾಲ್ಷಿಯಂ ಟಂಗ್‌ಸ್ಟೇಟ್ ಸ್ಕ್ರೀನುಗಳಿದ್ದವು, ಅವಕ್ಕೆ ನೀಲಿ ಕಾಣುವ ಫಿಲ್ಮ್. ಆಮೇಲೆ ಗಡೋಲಿನಿಯಂ ಸ್ಕ್ರೀನುಗಳು ಬಂದವು. ಅವು ಸುಮಾರು 545 ನ್ಯಾನೋಮೀಟರಿನ ಹಸಿರು ಬೆಳಕು ಕೊಡುತ್ತವೆ, ಆದ್ದರಿಂದ ಫಿಲ್ಮೂ ಹಸಿರು ಕಾಣುವುದಾಯಿತು. ಹಳೆಯ ಫಿಲ್ಮಿಗೆ ನಿರಪಾಯವಾಗಿದ್ದ ಕಿತ್ತಳೆ ಬಣ್ಣದ ದೀಪ ಹೊಸದಕ್ಕೆ ಅಪಾಯವಾಗಿ, ಕಡುಗೆಂಪು ದೀಪ ಬೇಕಾಯಿತು.

ಇನ್ನು ಸ್ಮಾರ್ಟ್‌ವಾಚಿನ ಬೆನ್ನನ್ನು ನೋಡಿ. ಅಲ್ಲಿ ಮಿನುಗುವ ಹಸಿರು ದೀಪಗಳು ನಾಡಿ ಎಣಿಸುತ್ತವೆ. ಹಸಿರೇ ಏಕೆಂದರೆ, ರಕ್ತ ಕೆಂಪಗೆ ಕಾಣುವುದೇ ಅದು ಹಸಿರನ್ನು ಹೀರಿಕೊಳ್ಳುವುದರಿಂದ. ಹೃದಯ ಮಿಡಿದಾಗ ಚರ್ಮದಡಿ ರಕ್ತ ಹೆಚ್ಚಿ ಹಿಂದಿರುಗುವ ಹಸಿರು ತಗ್ಗುತ್ತದೆ, ಮಿಡಿತಗಳ ನಡುವೆ ಹೆಚ್ಚುತ್ತದೆ. ಆ ಏರಿಳಿತವೇ ನಾಡಿ. ಹಿಮೋಗ್ಲೋಬಿನ್ ಚೆನ್ನಾಗಿ ಹೀರುವ ಬೆಳಕು 540 ನ್ಯಾನೋಮೀಟರಿನ ಆಸುಪಾಸಿನದು, ವಾಚಿನ ಹಸಿರು ಸುಮಾರು 525ರದು. ಆಸ್ಪತ್ರೆಯ ಹಸಿರು ಕಾಣುವ ಫಿಲ್ಮ್ ಯಾವುದಕ್ಕಾಗಿ ಕಣ್ಣು ಬಿಟ್ಟು ಕೂತಿದೆಯೋ ಅದೇ ಸೀಮೆ ಇದು. ಎಚ್‌ಎಂಟಿ ಮುಳ್ಳಿನ ಹೊಳಪೂ ಹಸಿರೇ ಆಗಿತ್ತು.

ನಾನು ವೈದ್ಯನಾದ್ದರಿಂದ ಸಂಶಯವೆಲ್ಲ ಈ ಹಸಿರು ದೀಪದ ಮೇಲೆಯೇ ಹೋಯಿತು. ಅದು ಅರ್ಧ ಮಾತ್ರ ಸರಿ ಎಂದು ನಾಣ್ಯದ ಪರೀಕ್ಷೆ ತೋರಿಸಿತು. ಇದು ಡಾರ್ಕ್‌ರೂಮ್ ದೀಪವನ್ನು ಪರೀಕ್ಷಿಸುವ ಹಳೆಯ ಕ್ರಮ: ಫಿಲ್ಮ್ ತುಂಡಿನ ಮೇಲೆ ನಾಣ್ಯವಿಟ್ಟು ಐದು ನಿಮಿಷ ಬಿಟ್ಟು ತೊಳೆಯುವುದು. ಸುತ್ತ ಕಪ್ಪಾಗಿ ನಾಣ್ಯದ ಜಾಗ ತಿಳಿಯಾಗಿ ಉಳಿದರೆ ಬೆಳಕು ನಿರಪಾಯವಲ್ಲ. ಹುಡುಗ ಮೂರು ತುಂಡು ಮಾಡಿದ. ಮೊದಲನೆಯದಕ್ಕೆ ಕೆಂಪು ದೀಪ ಮಾತ್ರ, ನಾಣ್ಯದ ಗುರುತಿಲ್ಲ. ಎರಡನೆಯದಕ್ಕೆ ವಾಚು ಕಟ್ಟಿದ ಕೈಯಿಂದ ಎಂದಿನಂತೆ ಕೆಲಸ, ನಾಣ್ಯ ದುಂಡಗೆ ಎದ್ದು ಬಂತು. ಮೂರನೆಯದಕ್ಕೆ ವಾಚಿನ ಮುಖಕ್ಕೆ ಕಪ್ಪು ಟೇಪು ಸುತ್ತಿ, ಪಟ್ಟಿ ಸಡಿಲ ಬಿಟ್ಟು ಕೆಲಸ, ಅಂಚಿನಲ್ಲಿ ಮಸುಕಾದ ಕಮಾನು ಮಾತ್ರ. ಕಾರ್ಖಾನೆಯ ಫಿಲ್ಮ್ ಹೆಚ್ಚಾಗಿ ನೀಲಿ ಕಾಣುವ ಜಾತಿಯದು. ಅದನ್ನು ಕೆಡಿಸಿದ್ದು ಮುಖ್ಯವಾಗಿ ವಾಚಿನ ಮುಖ, ಅದರ ಬಿಳಿ ಬೆಳಕಿನೊಳಗೆ ಅಡಗಿದ ನೀಲಿ. ಎಡಗೈಯಿಂದ ಫಿಲ್ಮ್ ಹಿಡಿದು ಬಲಗೈಯಿಂದ ಸೀಸದ ಹಾಳೆ ಸರಿಸುವಾಗ ಮಣಿಕಟ್ಟು ತಿರುಗುತ್ತದೆ. ಯಜಮಾನ ಸಮಯ ಕೇಳಿದ ಎಂದುಕೊಂಡು ವಾಚು ಬೆಳಗುತ್ತದೆ.

ಕ್ಯಾಮೆರಾ ಫಿಲ್ಮಿನ ಹವ್ಯಾಸಕ್ಕೆ ಮರಳಿರುವ ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ, ಇನ್ನೂ ಕಟ್ಟುನಿಟ್ಟಾಗಿ. ಆ ಫಿಲ್ಮ್ ಸಾಮಾನ್ಯವಾಗಿ ಎಲ್ಲ ಬಣ್ಣಗಳನ್ನೂ ಕಾಣುತ್ತದೆ, ಕೆಂಪು ದೀಪವೂ ಕೂಡದು. ಮನೆಯಲ್ಲಿ ಫಿಲ್ಮ್ ಸುತ್ತಲು ಬಳಸುವ ಕಪ್ಪು ಚೀಲಕ್ಕೆ ಕೈ ತೂರಿಸಿದರೆ ಎಲಾಸ್ಟಿಕ್ ಮುಂಗೈಯಲ್ಲಿ ನಿಲ್ಲುತ್ತದೆ. ಅಂದರೆ ವಾಚು ಫಿಲ್ಮಿನೊಡನೆ ಚೀಲದೊಳಗೇ ಇರುತ್ತದೆ, ಬೆಳಗಿದರೂ ನಮಗೆ ಕಾಣುವುದಿಲ್ಲ. ಕಪ್ಪು-ಬಿಳುಪು ಚಿತ್ರ ಮುದ್ರಿಸುವ ಕಾಗದಕ್ಕೆ ಕೆಂಪು ದೀಪ ನಡೆದೀತು, ಆದರೆ ಕಾಂಟ್ರಾಸ್ಟ್ ಬದಲಿಸಬಹುದಾದ ಬಗೆಯ ಕಾಗದದಲ್ಲಿ ಹಸಿರು ಕಾಣುವ ಅಂಶ ಬೇಕೆಂದೇ ಇರುತ್ತದೆ. ಅಲ್ಲಿ ವಾಚಿನ ಬೆನ್ನೂ ಶತ್ರುವೇ.

ಥಿಯೇಟರ್ ಮೋಡ್ ಹಾಕಿದರೆ ಸಾಲದೇ ಎಂದು ಹುಡುಗ ಕೇಳಿದ. ಸಾಲದು. ಕೈ ತಿರುಗಿದರೆ ಮುಖ ಬೆಳಗುವುದು ನಿಲ್ಲುತ್ತದೆ, ಗುಂಡಿ ತಾಗಿದರೆ ಮತ್ತೆ ಬೆಳಗುತ್ತದೆ. ಬೆನ್ನಿನ ದೀಪಕ್ಕೆ ಆ ಮೋಡ್ ಸಂಬಂಧವೇ ಇಲ್ಲ.

ನನ್ನನ್ನು ಕಾಡುವುದು ಬೇರೆ ಸಂಗತಿ. ಆಪಲ್ ವಾಚ್ ಅಂಗಡಿಗೆ ಬಂದದ್ದು 2015ರಲ್ಲಿ. ಆ ಹೊತ್ತಿಗೆ ಆಸ್ಪತ್ರೆಗಳು ಡಿಜಿಟಲ್ ಆಗಿ, "ವಾಚು ಬಿಚ್ಚಿಟ್ಟು ಬನ್ನಿ" ಎನ್ನುತ್ತಿದ್ದವರು ನಿವೃತ್ತರಾಗತೊಡಗಿದ್ದರು. ಪೈಪು, ಟ್ಯಾಂಕುಗಳ ಲೋಕದಲ್ಲಿ ಫಿಲ್ಮ್ ಉಳಿಯಿತು, ಬಾಗಿಲಲ್ಲಿ ತಡೆಯುವವರು ಉಳಿಯಲಿಲ್ಲ. ಈ ಹುಡುಗನಿಗೆ ವಿಕಿರಣದ ಸುರಕ್ಷತೆಯನ್ನು ಚೆನ್ನಾಗಿಯೇ ಕಲಿಸಿದ್ದಾರೆ, ಡೋಸಿಮೀಟರ್ ಇಲ್ಲದೆ ಹೆಜ್ಜೆ ಇಡುವುದಿಲ್ಲ. ವಾಚಿನ ಮಾತು ಯಾರೂ ಆಡಿರಲಿಲ್ಲ.

ಹೃದಯ ಬಡಿತದ ಏರುಪೇರಿಗಾಗಿ ವಾಚು ಕಟ್ಟುವವರು ಹತ್ತು ನಿಮಿಷ ತೆಗೆದಿಡಬಹುದೇ ಎಂಬ ಪ್ರಶ್ನೆಯೂ ಬಂತು, ಅವನ ಸಹೋದ್ಯೋಗಿಯೊಬ್ಬರಿಗೆ ಆ ತೊಂದರೆ ಇದೆಯಂತೆ. ಧಾರಾಳವಾಗಿ ತೆಗೆದಿಡಬಹುದು. ಆ ವಾಚು ಬಿಡದೆ ಕಾಯುವ ಮಾನಿಟರ್ ಅಲ್ಲ, ಆಗಾಗ ಇಣುಕಿ ನೋಡುವ ಯಂತ್ರ. ಸ್ನಾನಕ್ಕೆ, ಚಾರ್ಜಿಂಗಿಗೆ ಹೇಗೂ ಬಿಚ್ಚುತ್ತಾರಲ್ಲ. ಎದೆನೋವೋ ತಲೆಸುತ್ತೋ ಇರುವಾಗ ಮಾತ್ರ ಡಾರ್ಕ್‌ರೂಮಿಗೆ ಒಬ್ಬರೇ ಹೋಗಬಾರದು, ವಾಚು ಇದ್ದರೂ ಇಲ್ಲದಿದ್ದರೂ.

ಈಗ ಅಲ್ಲಿ ಡಾರ್ಕ್‌ರೂಮಿನ ಬಾಗಿಲ ಹೊರಗೆ ನಾಲ್ಕು ಮೊಳೆ ಹೊಡೆದಿದ್ದಾರೆ, ವಾಚು ನೇತುಹಾಕಲು. ಒಳಗೆ ಸಮಯ ನೋಡಲು ಕೀಲಿ ಕೊಡುವ ಹಳೇ ಟೈಮರ್ ಒಂದನ್ನು ಹುಡುಗ ಊರಿನಿಂದ ತರಿಸಿಕೊಂಡಿದ್ದಾನೆ.